ಟ್ಯೂಬ್ ಹೆಡ್‌ಫೋನ್ ಆಂಪ್ ಗುಂಯ್ ಅನ್ನುತ್ತಿದೆ, ಹಾಡು ಮಂಕು. ಟ್ಯೂಬ್ ಬದಲಿಸಲಾ?

ಆಲ್ದೂರು_ಅರೇಬಿಕಾ
ಚಿಕ್ಕಮಗಳೂರು, ಹಾಸನದ ಕಡೆ ಟ್ಯೂಬ್ ಆಂಪ್ (ಗಾಜಿನ ಟ್ಯೂಬ್‌ಗಳಿಂದ ಸದ್ದು ದೊಡ್ಡದು ಮಾಡುವ ಡಬ್ಬಿ) ಇಟ್ಟುಕೊಂಡವರು ಯಾರಾದರೂ ಇದ್ದೀರಾ? ನನ್ನದು ಕೈಕೊಡುತ್ತಿದೆ.

ಎರಡು ವರ್ಷದ ಹಿಂದೆ ಆನ್‌ಲೈನಲ್ಲಿ ತರಿಸಿದ್ದು. ಮುಂದೆ 6ಎಸ್ಎನ್7 ಅನ್ನುವ ಟ್ಯೂಬ್ ಒಂದು, ಹಿಂದೆ ದಪ್ಪ ಹೊಟ್ಟೆಯ 6ಎಎಸ್7 ಒಂದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಮಾದರಿ. ಲ್ಯಾಪ್‌ಟಾಪ್‌ನಿಂದ ಒಂದು ಪುಟ್ಟ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಡಬ್ಬಿ), ಅಲ್ಲಿಂದ ಆಂಪ್, ಆಮೇಲೆ 32 ಓಮ್ ಹೆಡ್‌ಫೋನ್. ಸಂಜೆ ಹೊತ್ತು ಎರಡೂ ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಹಗಲಲ್ಲಿ ಅಷ್ಟಿಲ್ಲ. ಹಾಡು ಯಾಕೋ ಮಂಕು, ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಮಳೆ ಹಿಡಿದ ಮೇಲೆ ಬಲಗಿವಿಯಲ್ಲಿ ಚರಚರ ಬೇರೆ.

ಈ ಸಲ ಮೆಣಸಿನ ದುಡ್ಡಲ್ಲಿ 9,000 ರೂಪಾಯಿ ಎತ್ತಿಟ್ಟಿದ್ದೇನೆ. ಹಳೆ ಅಮೆರಿಕನ್ 6ಎಸ್ಎನ್7 ಒಂದು ಕಣ್ಣಿಗೆ ಬಿದ್ದಿದೆ. ತಗೊಳ್ಳಲಾ?

ಬಾಸ್_ಬಸವನಹಳ್ಳಿ
ತಗೊಳ್ಳಿ. ಟ್ಯೂಬ್ ಬದಲಿಸಿದರೆ ಬೇರೆ ಆಂಪೇ ಆಗುತ್ತದೆ.

ಸಂತೆಪೇಟೆ_ಸೋಲ್ಡರ್
ಸ್ವಲ್ಪ ತಡೀರಿ. ಮೆಣಸಿನ ದುಡ್ಡು ಡಬ್ಬಿಯಲ್ಲೇ ಇರಲಿ.

ಮೊದಲು ಆಂಪ್ ಆಫ್ ಮಾಡಿ, ಹಿಂದಿನ ಎರಡೂ ಆರ್‌ಸಿಎ ಕೇಬಲ್ (ಡ್ಯಾಕ್‌ನಿಂದ ಹಾಡು ತರುವವು) ಕಿತ್ತುಬಿಡಿ. ವಾಲ್ಯೂಮ್ ಸೊನ್ನೆಗೆ ಇಟ್ಟು ಆನ್ ಮಾಡಿ, ಎರಡು ನಿಮಿಷ ಬಿಸಿಯಾಗಲು ಬಿಟ್ಟು ಕೇಳಿ. ಗುಂಯ್ ಹೋಗಿದ್ದರೆ ತಪ್ಪು ಆಂಪ್‌ನದಲ್ಲ, ಲ್ಯಾಪ್‌ಟಾಪ್ ಕಡೆಯಿಂದ ಬರುತ್ತಿದೆ. ಹಾಗೇ ಇದ್ದರೆ ಆಂಪ್‌ನ ಒಳಗೆ, ಪವರ್ ಸಪ್ಲೈ ಅಥವಾ ಹೀಟರ್ (ಟ್ಯೂಬ್ ಬಿಸಿಮಾಡುವ ತಂತಿ). ಇದಕ್ಕೆ ಖರ್ಚು ಸೊನ್ನೆ.

ಇನ್ನೊಂದು ವಿಷಯ. 6ಎಸ್ಎನ್7 ಒಳಗೆ ಎರಡು ಟ್ರಯೋಡ್ ಇವೆ, ಅಂದರೆ ಸದ್ದು ಹೆಚ್ಚಿಸುವ ಎರಡು ಬೇರೆ ಭಾಗ. ಒಂದು ಎಡಕ್ಕೆ, ಒಂದು ಬಲಕ್ಕೆ. ಚರಚರ ಬಲಗಿವಿಗೆ ಮಾತ್ರ ಅಂದರೆ ಎಡಬಲ ಟ್ಯೂಬ್ ಅದಲುಬದಲು ಮಾಡಿ ನೋಡುವ ಉಪಾಯ ನಿಮಗಿಲ್ಲ. ಆರ್‌ಸಿಎ ಕೇಬಲ್ ಅದಲುಬದಲು ಮಾಡಿ. ಚರಚರ ಎಡಕ್ಕೆ ಹೋದರೆ ಡ್ಯಾಕ್ ಕಡೆ, ಬಲದಲ್ಲೇ ನಿಂತರೆ ಆಂಪ್ ಕಡೆ.

ಮೂಡಿಗೆರೆ_ಮಳೆಗಾಲ
ಹಂಚಿನ ಮನೆಗೆ ಬನ್ನಿ. ಪುಷ್ಯ ಮಳೆ ಸುರಿಯುವಾಗ ಗುಂಯ್ ಅಲ್ಲ, ಹಾಡೇ ಕೇಳುವುದಿಲ್ಲ.

ಗೊರೂರು_ಗಣಿತ
ಗುಂಯ್ ಆಮೇಲೆ. ಮಂಕು ಯಾಕೆ ಅನ್ನುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. 32 ಓಮ್!

6ಎಎಸ್7ರ ಪ್ಲೇಟ್ ರೆಸಿಸ್ಟೆನ್ಸ್ (ಟ್ಯೂಬ್ ಒಳಗಿನ ತಡೆ) ಸುಮಾರು 280 ಓಮ್, ಮ್ಯೂ (ಎಷ್ಟು ಪಟ್ಟು ಹೆಚ್ಚಿಸಬಲ್ಲದು ಅನ್ನುವ ಅಂಕಿ) 2. ಇಂಥ ಆಂಪ್‌ಗಳಲ್ಲಿ ಅದು ಕ್ಯಾಥೋಡ್ ಫಾಲೋವರ್ ಆಗಿ, ಅಂದರೆ ವೋಲ್ಟೇಜ್ ಹೆಚ್ಚಿಸದೆ ಹೆಡ್‌ಫೋನ್ ಓಡಿಸಲು, ಕೆಲಸ ಮಾಡುತ್ತದೆ. 280ನ್ನು ಮ್ಯೂಗೆ ಒಂದು ಕೂಡಿಸಿ, ಅಂದರೆ 3ರಿಂದ ಭಾಗಿಸಿ, 93 ಓಮ್ ಬರುತ್ತದೆ. ಅದೇ ನಿಮ್ಮ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ (ಆಂಪ್‌ನ ಹೊರಬಾಗಿಲಿನ ತಡೆ). ಈಗ 93ರ ಮುಂದೆ 32 ಇಡಿ. ಒಟ್ಟು 125. ಅದರಲ್ಲಿ ಹೆಡ್‌ಫೋನ್‌ಗೆ ಸಿಗುವುದು ನಾಲ್ಕರಲ್ಲಿ ಒಂದು ಪಾಲು ವೋಲ್ಟೇಜ್. ಉಳಿದ ಮುಕ್ಕಾಲು ಟ್ಯೂಬ್ ನುಂಗುತ್ತದೆ. ಅದೇ 300 ಓಮ್ ಹೆಡ್‌ಫೋನ್ ಆದರೆ ಮುಕ್ಕಾಲು ಪಾಲು ಹೆಡ್‌ಫೋನ್‌ಗೇ. ಲೆಕ್ಕ ತಲೆಕೆಳಗು.

32 ಓಮ್‌ಗೆ ಬೇಕಾಗುವುದು ಕರೆಂಟ್. ಇಂಥ ಆಂಪ್ ಕೊಡಬಲ್ಲದ್ದು ವೋಲ್ಟೇಜ್. ಜೋರಾಗಿ ಇಟ್ಟರೆ ಟ್ಯೂಬ್ ಏದುಸಿರು ಬಿಡುತ್ತದೆ. ಅದನ್ನು ಬಿಟ್ಟು 9,000 ಕೊಟ್ಟು ಮುಂದಿನ ಟ್ಯೂಬ್ ಬದಲಿಸಿದರೆ ಏನು ಬಂತು?

ಸಕಲೇಶಪುರ_ಘಾಟ್
ಮೇಷ್ಟ್ರೇ, ಬಾಸ್ (ತಗ್ಗಿನ ಸದ್ದು) ವಿಷಯ ಬಿಟ್ಟಿರಿ. ಔಟ್‌ಪುಟ್ ಕೆಪಾಸಿಟರ್ (ಹೆಡ್‌ಫೋನ್‌ಗೆ ಡಿಸಿ ಹೋಗದಂತೆ ತಡೆಯುವುದು) 100 ಮೈಕ್ರೋಫ್ಯಾರಡ್ ಇದ್ದರೆ 32 ಓಮ್‌ಗೆ 50 ಹರ್ಟ್ಸ್‌ನಲ್ಲೇ 3 ಡೆಸಿಬೆಲ್ ಕಡಿತ. ಮೃದಂಗದ ಎಡಭಾಗ ಢಮಾರ್. ಕೆಪಾಸಿಟರ್ ದೊಡ್ಡದು ಹಾಕಿದರೆ ಸರಿಹೋಗುತ್ತದೆ.

ಗೊರೂರು_ಗಣಿತ
ಎಲ್ಲರೂ ಮಾಡುವ ತಪ್ಪು ಇದು. ಕೆಪಾಸಿಟರ್ ನೋಡುವುದು ಬರೀ 32 ಓಮ್ ಅಲ್ಲ. ಟ್ಯೂಬ್‌ನ 93 ಓಮ್ ಕೂಡ ಸರಣಿಯಲ್ಲೇ ಇದೆ. 125 ಓಮ್ ಹಾಕಿ ಲೆಕ್ಕ ಮಾಡಿ. ಸುಮಾರು 13 ಹರ್ಟ್ಸ್ ಬರುತ್ತದೆ. ಮೃದಂಗಕ್ಕೆ ಏನೂ ಆಗುವುದಿಲ್ಲ.

ಸಕಲೇಶಪುರ_ಘಾಟ್
ಹೌದಲ್ಲ. ಐದು ವರ್ಷದಿಂದ ಎಲ್ಲರಿಗೂ 50 ಅಂತಲೇ ಹೇಳಿಕೊಂಡು ಬಂದಿದ್ದೇನೆ.

ಗೊರೂರು_ಗಣಿತ
ಪರವಾಗಿಲ್ಲ, ನೀವು ಕ್ಲಾಸಿನಲ್ಲಿ ಒಬ್ಬರೇ ಅಲ್ಲ.

ಬಾಸ್_ಬಸವನಹಳ್ಳಿ
ಲೆಕ್ಕದಲ್ಲಿ ಹಾಡು ಕೇಳೋರಿಗೆ ನಮಸ್ಕಾರ. ನನ್ನ ಹತ್ತಿರ ಸೆನ್‌ಹೈಸರ್ ಎಚ್‌ಡಿ 650 ಇದೆ, ಇದೇ ತರಹದ ಆಂಪ್ ಇದೆ. ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಸಿಗದ ಬೆಚ್ಚಗಿನ ದನಿ ಇದರಲ್ಲಿ ಸಿಗುತ್ತದೆ. ಅದಕ್ಕೆ ಯಾವ ಸೂತ್ರ?

ಗೊರೂರು_ಗಣಿತ
ಅದಕ್ಕೂ ಇದೆ. ಆ ಹೆಡ್‌ಫೋನ್ 300 ಓಮ್ ಅಂತ ಡಬ್ಬಿಯ ಮೇಲೆ. ಆದರೆ 80–100 ಹರ್ಟ್ಸ್ ಸುತ್ತ 500 ಓಮ್ ಹತ್ತಿರಕ್ಕೆ ಏರುತ್ತದೆ. ಇಂಪೀಡೆನ್ಸ್ ಏರಿದ ಕಡೆ ಈ ಆಂಪ್ ಜಾಸ್ತಿ ವೋಲ್ಟೇಜ್ ಕೊಡುತ್ತದೆ. 93 ಓಮ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಅಲ್ಲಿ ಹೆಚ್ಚು ಕಡಿಮೆ 0.9 ಡೆಸಿಬೆಲ್ ಉಬ್ಬು. ನಿಮ್ಮ ಬೆಚ್ಚಗಿನ ದನಿಯಲ್ಲಿ ಒಂದು ಪಾಲು ಅದು. ಟ್ಯೂಬ್ ತಾನೇ ಸೇರಿಸುವ ಎರಡನೇ ಹಾರ್ಮೋನಿಕ್ (ಒಂದು ಸ್ಥಾಯಿ ಮೇಲಿನ ದನಿ) ಇನ್ನೊಂದು ಪಾಲು. ಚೆನ್ನಾಗಿಲ್ಲ ಅಂತ ನಾನು ಹೇಳಲಿಲ್ಲ. ನನ್ನ ಕಿವಿಗೂ ಅದೇ ಇಷ್ಟ.

ಅರಸೀಕೆರೆ_ಜಂಕ್ಷನ್
ಟ್ಯೂಬ್ ಟ್ಯೂಬ್ ಅಂತ ಓದಿ ಪಂಕ್ಚರ್ ಅಂಗಡಿ ಚರ್ಚೆ ಅಂದುಕೊಂಡು ಒಳಗೆ ಬಂದೆ.

ವಾಲ್ವ್_ತಾತ
ನಮ್ಮ ಕಾಲದಲ್ಲಿ ಅದು ವಾಲ್ವ್. ಹಾಸನದಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದೆ. ಆಗ ರೇಡಿಯೋ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಕಟ್ಟಬೇಕಿತ್ತು, ಈಗಿನ ಹುಡುಗರು ನಂಬುವುದಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್‌ನವರು ಅರವತ್ತರ ದಶಕದಲ್ಲಿ ವಾಲ್ವ್ ತಯಾರಿಸುತ್ತಿದ್ದರು. ಒಳ್ಳೆ ಮಾಲು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿಗೆ ಇಂದಿರಾ ಗಾಂಧಿ ಉಪಚುನಾವಣೆಗೆ ನಿಂತಾಗ ತೋಟದ ಸಾಹುಕಾರರು ಒಬ್ಬರು ಅಷ್ಟು ದೂರದಿಂದ ಜೀಪಿನಲ್ಲಿ ರೇಡಿಯೋ ಹೊತ್ತು ತಂದರು. ಫಲಿತಾಂಶದೊಳಗೆ ಮಾತಾಡಬೇಕು ಅಂತ ಒತ್ತಾಯ. ಬಿಚ್ಚಿ ನೋಡಿದರೆ ವಾಲ್ವ್ ನಾಲ್ಕೂ ಚೆನ್ನಾಗಿವೆ. ಸಾಕೆಟ್ಟಿನಲ್ಲಿ ಹಸಿರು ಕಿಲುಬು! ಉಜ್ಜಿ ಕೊಟ್ಟೆ. ಎರಡು ರೂಪಾಯಿ ಕೇಳಿದ್ದಕ್ಕೆ ಒಂದು ಚೀಲ ಕಿತ್ತಳೆ ಕೊಟ್ಟರು.

ಆಲ್ದೂರಿನ ತಮ್ಮಾ, ನಿನ್ನ ಚರಚರವೂ ಅದೇ ಅಂತ ನನ್ನ ಲೆಕ್ಕ. ಮಲೆನಾಡಿನ ಥಂಡಿಗೆ ಬಟ್ಟೆಗೇ ಬೂಷ್ಟು ಬರುತ್ತದೆ, ಸಾಕೆಟ್ಟಿಗೆ ಬರುವುದಿಲ್ಲವಾ? ಪ್ಲಗ್ ಕಿತ್ತು, ಆಂಪ್ ತಣ್ಣಗಾದ ಮೇಲೆ ವಾಲ್ವ್ ತೆಗಿ. ಬುಡ ಹಿಡಿದು ಎತ್ತು, ಗಾಜು ಹಿಡಿದು ತಿರುಚಬೇಡ. ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸು. ಸಾಕೆಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಹಾಕಿ, ವಾಲ್ವ್ ನಾಲ್ಕೈದು ಸಲ ಹಾಕಿ ತೆಗಿ. ಪೂರ್ತಿ ಒಣಗುವ ತನಕ ಕರೆಂಟ್ ಕೊಡಬೇಡ.

ಬೇಲೂರು_ವೀಣೆ
ಗುಂಯ್ ಬಗ್ಗೆ ಒಂದು ಮಾತು. ನಮ್ಮ ಕರೆಂಟ್ 50 ಹರ್ಟ್ಸ್. ಹೀಟರ್ ಅಥವಾ ಗ್ರೌಂಡ್‌ನಿಂದ ಬರುವ ಗುಂಯ್ 50ರದ್ದು, ಪವರ್ ಸಪ್ಲೈ ಫಿಲ್ಟರ್ ಸೋತರೆ ಬರುವುದು 100ರದ್ದು. ಎರಡೂ ಒಂದೇ ಸ್ವರ, ಸ್ಥಾಯಿ ಬೇರೆ. ಕೆಳಗಿನದು ತುಂಬಿದ ಗುಂ, ಮೇಲಿನದು ಜೊಂಯ್.

ನನ್ನದು ಐದು ಮನೆ ಶ್ರುತಿ, ಪಾಶ್ಚಾತ್ಯರ ಜಿ. ಆ ಷಡ್ಜದ ಕೆಳಗಿನ ಸ್ಥಾಯಿ 98 ಹರ್ಟ್ಸ್. ಆಂಪ್‌ನ 100 ಅದರ ಪಕ್ಕದಲ್ಲೇ ಕೂತು ತಂಬೂರಿ ಜೊತೆ ಸೆಕೆಂಡಿಗೆ ಎರಡು ಸಲ ಅಲೆಯುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು, ಹಾಡು ಕೇಳುವುದು ಬಿಟ್ಟು ಅಲೆ ಎಣಿಸುತ್ತೀರಿ. ಹೀಗೇ ನನ್ನ ಆಂಪ್‌ನ ಸೋತ ಕೆಪಾಸಿಟರ್ ಸಿಕ್ಕಿದ್ದು.

ಸಂತೆಪೇಟೆ_ಸೋಲ್ಡರ್
ಮೇಡಂ, ಇದನ್ನು ಮೀಟರ್ ಕಂಪನಿಯವರಿಗೆ ಹೇಳಿ. ತಂಬೂರಿ ಮಾರಲು ಶುರುಮಾಡುತ್ತಾರೆ.

ಆಲ್ದೂರು_ಅರೇಬಿಕಾ
ಅಬ್ಬಾ, ಇಷ್ಟು ಉತ್ತರ! ನೋಡಿದ್ದು ಹೇಳುತ್ತೇನೆ. ಕೇಬಲ್ ಕಿತ್ತಾಗ ಗುಂಯ್ ಹೆಚ್ಚು ಕಡಿಮೆ ಪೂರ್ತಿ ಹೋಯಿತು. ಹಾಕಿದರೆ ಮತ್ತೆ ಬಂತು. ಕೇಬಲ್ ಅದಲುಬದಲು ಮಾಡಿದೆ, ಚರಚರ ಬಲದಲ್ಲೇ ಉಳಿಯಿತು. ತಾತ ಹೇಳಿದ ಹಾಗೆ ಸಾಕೆಟ್ ಇರಬಹುದು. ಕ್ಲೀನರ್ ತರಲು ನಾಳೆ ಚಿಕ್ಕಮಗಳೂರಿಗೆ ಹೋಗುತ್ತೇನೆ. ಆದರೆ ಸಂಜೆ ಮಾತ್ರ ಗುಂಯ್ ಯಾಕೆ? ಕರೆಂಟ್ ಡಲ್ ಆಗುವುದಕ್ಕಾ?

ಕಡೂರು_ತೆಂಗು
ಅರ್ಥಿಂಗ್ ತೊಂದರೆ ಅಷ್ಟೇ. ಆಂಪ್‌ನ ತ್ರೀ ಪಿನ್ ಪ್ಲಗ್‌ನಲ್ಲಿ ದಪ್ಪ ಪಿನ್ ಕತ್ತರಿಸಿಬಿಡಿ. ನಾನು ಹಾಗೇ ಮಾಡಿದ್ದು. ಗುಂಯ್ ಮಾಯ.

ಸಂತೆಪೇಟೆ_ಸೋಲ್ಡರ್
ಅಯ್ಯೋ ಪುಣ್ಯಾತ್ಮ!! ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಆ ಡಬ್ಬಿಯೊಳಗೆ ನೂರಾರು ವೋಲ್ಟ್ ಡಿಸಿ ಇದೆ. ಒಳಗೆ ಒಂದು ವೈರ್ ಕಳಚಿ ಕವಚಕ್ಕೆ ತಾಗಿದರೆ, ಅರ್ಥ್ ಇದ್ದಾಗ ಫ್ಯೂಸ್ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಹೋಗುವುದು ನೀವು. ಹೆಡ್‌ಫೋನ್ ತಲೆಯ ಮೇಲೆ ಇರುತ್ತದೆ, ಮರೆಯಬೇಡಿ.

ಕಡೂರು_ತೆಂಗು
ಮೂರು ವರ್ಷದಿಂದ ಏನೂ ಆಗಿಲ್ಲವಲ್ಲ ಗುರು.

ವಾಲ್ವ್_ತಾತ
ಆಗುವುದು ಒಂದೇ ಸಲ. ನಾಳೆಯೇ ಹೊಸ ಪ್ಲಗ್ ಹಾಕಿಸು.

ಸಂತೆಪೇಟೆ_ಸೋಲ್ಡರ್
ಅರೇಬಿಕಾ ಅವರೇ, ಹಗಲು ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಸುತ್ತೀರಾ? ಸಂಜೆ ಚಾರ್ಜರ್ ಹಾಕುತ್ತೀರಾ? ಚಾರ್ಜರ್ ಕಿತ್ತು ಕೇಳಿ.

ಆಲ್ದೂರು_ಅರೇಬಿಕಾ
ಹೌದು ಮಾರಾಯ್ರೆ! ಹಗಲೆಲ್ಲ ತೋಟದಲ್ಲಿ ಇರುತ್ತೇನೆ, ಮಧ್ಯೆ ಬಂದು ಕೇಳುವಾಗ ಬ್ಯಾಟರಿ. ಸಂಜೆ ಚಾರ್ಜರ್. ಈಗ ಕಿತ್ತೆ. ಸದ್ದೇ ಇಲ್ಲ. ಎರಡು ತಿಂಗಳಿಂದ 6ಎಸ್ಎನ್7ಗೆ ಬೈಯುತ್ತಿದ್ದೆ.

ಸಂತೆಪೇಟೆ_ಸೋಲ್ಡರ್
ಗ್ರೌಂಡ್ ಲೂಪ್. ಲ್ಯಾಪ್‌ಟಾಪ್‌ಗೂ ಆಂಪ್‌ಗೂ ಎರಡು ದಾರಿಯಲ್ಲಿ ಗ್ರೌಂಡ್ ಸಿಗುತ್ತಿದೆ, ಒಂದು ಪ್ಲಗ್‌ನಿಂದ, ಒಂದು ಕೇಬಲ್‌ನಿಂದ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ನೋಡಿ, ಎಷ್ಟೋ ಕಡಿಮೆಯಾಗುತ್ತದೆ. ಸಾಲದಿದ್ದರೆ ಯುಎಸ್‌ಬಿ ಐಸೊಲೇಟರ್, ಲ್ಯಾಪ್‌ಟಾಪ್‌ಗೂ ಡ್ಯಾಕ್‌ಗೂ ಮಧ್ಯೆ ಗ್ರೌಂಡ್ ಬೇರ್ಪಡಿಸುವುದು. ಅದೂ ಬೇಡ ಅಂದರೆ ಬ್ಯಾಟರಿಯಲ್ಲೇ ಕೇಳಿ.

ಕೊಪ್ಪ_ಕಾಡುದಾರಿ
ಕರೆಂಟ್ ಹೋದಾಗ ಯುಪಿಎಸ್‌ನಲ್ಲಿ ಕೇಳುವವರು ಇದ್ದರೆ ಎಚ್ಚರ. ನಮ್ಮ ಮನೆಯದು ಹಳೆಯ ಸ್ಕ್ವೇರ್ ವೇವ್. ಅದರಲ್ಲಿ ಆಂಪ್‌ನ ಟ್ರಾನ್ಸ್‌ಫಾರ್ಮರ್ರೇ ಜೀರುಂಡೆ ಹಾಗೆ ಕೂಗುತ್ತದೆ, ಹೆಡ್‌ಫೋನ್ ಹಾಕುವುದೇ ಬೇಡ. ಸೈನ್ ವೇವ್ ಯುಪಿಎಸ್‌ನಲ್ಲಿ ಆ ಕಾಟ ಇಲ್ಲ. ಆಮೇಲೆ, ಸಿಡಿಲು ಶುರುವಾದರೆ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹೂಮಳೆ ಹೊತ್ತಲ್ಲಿ ನನ್ನ ಒಂದು ಡ್ಯಾಕ್ ಹಾಗೇ ಹೋಯಿತು.

ಗೊರೂರು_ಗಣಿತ
ಸಂಜೆ ಕರೆಂಟ್ ಡಲ್ ಅಂದಿರಲ್ಲ, ಅದನ್ನೂ ಬಿಡಬೇಡಿ. ಮಲ್ಟಿಮೀಟರ್ ಇದ್ದರೆ ಸಂಜೆ 7ಕ್ಕೆ ಒಮ್ಮೆ, ರಾತ್ರಿ 11ಕ್ಕೆ ಒಮ್ಮೆ ಅಳೆಯಿರಿ. ಎಸಿ ರೇಂಜ್‌ನಲ್ಲಿ ಇಟ್ಟು, ಮುಳ್ಳಿನ ಲೋಹ ಮುಟ್ಟದೆ.

ಆಲ್ದೂರು_ಅರೇಬಿಕಾ
7 ಗಂಟೆಗೆ 188. 11ಕ್ಕೆ 241. ಆಂಪ್ ಹಿಂದೆ 220 ಅಂತ ಬರೆದಿದೆ.

ಗೊರೂರು_ಗಣಿತ
ನೋಡಿ. 220ಕ್ಕೆ 6.3 ವೋಲ್ಟ್ ಹೀಟರ್ ಅಂದರೆ, 188ಕ್ಕೆ ಸುಮಾರು 5.4. 241ಕ್ಕೆ 6.9. ಈ ಟ್ಯೂಬ್‌ಗಳಿಗೆ ಹತ್ತು ಪರ್ಸೆಂಟ್ ಆಚೆ ಈಚೆ ಸಹಿಸುವ ಶಕ್ತಿ, ಅಂದರೆ 5.7ರಿಂದ 6.9. ಸಂಜೆ ನಿಮ್ಮ ಟ್ಯೂಬ್‌ಗಳು ಅರೆಹೊಟ್ಟೆಯಲ್ಲಿ ದುಡಿಯುತ್ತಿವೆ, ರಾತ್ರಿ ಹೊಟ್ಟೆ ಬಿರಿಯುವಷ್ಟು ತಿನ್ನುತ್ತಿವೆ. ಹೀಟರ್ ತಣ್ಣಗಿದ್ದರೆ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್ ಸಾಕಷ್ಟು ಹೊರಡುವುದಿಲ್ಲ. ಎಚ್‌ಟಿ (ಟ್ಯೂಬ್‌ಗೆ ಕೊಡುವ ದೊಡ್ಡ ಡಿಸಿ) ವೋಲ್ಟೇಜ್ ಕೂಡ ಅದೇ ಪ್ರಮಾಣದಲ್ಲಿ ಇಳಿದಿರುತ್ತದೆ. 32 ಓಮ್ ಜೊತೆಗೆ ಇದೂ ಸೇರಿದರೆ ಕಂಬಳಿ ಹೊದ್ದ ಹಾಡಲ್ಲದೆ ಇನ್ನೇನು ಬರಬೇಕು?

ಮೂಡಿಗೆರೆ_ಮಳೆಗಾಲ
ಫ್ರಿಜ್ಜಿನ ಸ್ಟೆಬಿಲೈಜರ್ ಹಾಕಿದರೆ ಆಗುವುದಿಲ್ಲವಾ?

ಕೊಪ್ಪ_ಕಾಡುದಾರಿ
ಆಗುತ್ತದೆ. ಆದರೆ ರಿಲೇ ಬದಲಾದಾಗಲೆಲ್ಲ ಟಕ್ ಅಂತ ಕಿವಿಗೆ ಬಡಿಯುತ್ತದೆ. ಆಲಾಪನೆ ಮಧ್ಯೆ ಯಾರೋ ಗೋಲಿ ಬೀಳಿಸಿದ ಹಾಗೆ. ಸರ್ವೋ ಸ್ಟೆಬಿಲೈಜರ್ ಆದರೆ ಹಾಗಿಲ್ಲ, ಮೆಲ್ಲಗೆ ಏರಿಸಿ ಇಳಿಸುತ್ತದೆ. ರೇಟು ಜಾಸ್ತಿ.

ಹೇಮಾವತಿ_ಹೈಫೈ
ಯಾರೂ ಕೇಬಲ್ ಬಗ್ಗೆ ಮಾತಾಡುತ್ತಿಲ್ಲ. ಪವರ್ ಕೇಬಲ್ ಬದಲಿಸಿದೆ, ಕಿವಿಗೆ ಕಾಣುವ ಹಾಡಿನ ವೇದಿಕೆಯೇ ಅಗಲವಾಯಿತು. ಬೆಳ್ಳಿ ಲೇಪದ್ದು.

ಸಕಲೇಶಪುರ_ಘಾಟ್
ಸಬ್‌ಸ್ಟೇಷನ್‌ನಿಂದ ನಿಮ್ಮ ಮನೆಗೆ ಮೈಲಿಗಟ್ಟಲೆ ಅಲ್ಯೂಮಿನಿಯಂ ತಂತಿ ಬಂದಿದೆ. ಅದರ ಮೇಲೆ ಮಂಗ ಜೋಕಾಲಿ ಆಡುತ್ತದೆ. ಕೊನೆಯ ಒಂದೂವರೆ ಮೀಟರ್ ಬೆಳ್ಳಿ ಏನು ಮಾಡೀತು?

ಹೇಮಾವತಿ_ಹೈಫೈ
ಕೇಳದವರಿಗೆ ಗೊತ್ತಾಗುವುದಿಲ್ಲ.

ಬಾಸ್_ಬಸವನಹಳ್ಳಿ
ಹಾಗಾದರೆ ಟ್ಯೂಬ್ ಬದಲಿಸುವುದೂ ಸುಮ್ನೆ ಅನ್ನುತ್ತೀರಾ? ನಾನು ಒಪ್ಪುವುದಿಲ್ಲ.

ಸಂತೆಪೇಟೆ_ಸೋಲ್ಡರ್
ಸುಮ್ನೆ ಅಲ್ಲ. ನಾನೂ ನಾಲ್ಕು ತರಹದ 6ಎಸ್ಎನ್7 ಇಟ್ಟಿದ್ದೇನೆ. ಅಕ್ಕನ ಮಗನ ಕೈಲಿ ಬದಲಿಸಿಸಿ, ನಾನು ಬೆನ್ನು ಹಾಕಿ ಕೂತು ಕೇಳಿದೆ. ಗುಂಯ್ ಇದ್ದದ್ದನ್ನು ಹಿಡಿದೆ. ಎಡಬಲ ಸಮ ಇಲ್ಲದ್ದನ್ನು ಹಿಡಿದೆ. ಪೆನ್ಸಿಲ್‌ನಿಂದ ತಟ್ಟಿದರೆ ಗಂಟೆ ಹಾಗೆ ಠಣ್ ಅನ್ನುವುದನ್ನೂ ಹಿಡಿದೆ. ಯಾವುದು ದುಬಾರಿ ಅನ್ನುವುದು ಮಾತ್ರ ಹಿಡಿಯಲು ಆಗಲಿಲ್ಲ. ನನ್ನ ರಷ್ಯನ್ 6ಎನ್8ಎಸ್ (6ಎಸ್ಎನ್7ಗೆ ರಷ್ಯದ ಹೆಸರು) ಎಲ್ಲದರಲ್ಲೂ ಪಾಸಾಯಿತು, ಬೆಲೆ ಬಾಕಿಯವಕ್ಕಿಂತ ಕಡಿಮೆ. ಸದ್ದಿಲ್ಲದ, ಎರಡೂ ಅರ್ಧ ಸಮವಾಗಿರುವ ಟ್ಯೂಬ್ ಹುಡುಕಿ. ಹೆಸರು ಆಮೇಲೆ.

ಮತ್ತೆ 6ಎಸ್ಎಲ್7 ಅಂತ ಒಂದಿದೆ. ಪಿನ್ ಜೋಡಣೆ ಅದೇ, ಸಾಕೆಟ್ಟಿಗೆ ಸಲೀಸಾಗಿ ಕೂರುತ್ತದೆ. ಆದರೆ ಮ್ಯೂ 20ರ ಜಾಗದಲ್ಲಿ 70. ಬಯಾಸ್ (ಟ್ಯೂಬ್ ನಡೆಯುವ ವೋಲ್ಟೇಜ್ ಹೊಂದಾಣಿಕೆ) ಎಲ್ಲ ಎಕ್ಕುಟ್ಟಿ ಹೋಗುತ್ತದೆ. ಮಾರುವವರ ಮಾತು ನಂಬಿ ಹಾಕಬೇಡಿ.

ಸಕಲೇಶಪುರ_ಘಾಟ್
ಕೆಪಾಸಿಟರ್ ಬದಲಿಸುವುದು? ಕಪ್ಲಿಂಗ್‌ಗೆ (ಟ್ಯೂಬಿಂದ ಟ್ಯೂಬಿಗೆ ಹಾಡು ದಾಟಿಸುವ ಜಾಗಕ್ಕೆ) ಒಳ್ಳೆ ಪಾಲಿಪ್ರೊಪೈಲೀನ್ ಹಾಕಿದರೆ ಪರದೆ ಸರಿಸಿದ ಹಾಗೆ ಅನ್ನುತ್ತಾರೆ.

ಸಂತೆಪೇಟೆ_ಸೋಲ್ಡರ್
ಪವರ್ ಸಪ್ಲೈಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೊದಲು. ಅವು ಬಿಸಿಗೆ ಒಣಗುತ್ತವೆ. ಹತ್ತು ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧ ಅಂತ ಹಳೆ ಲೆಕ್ಕ. 6ಎಎಸ್7 ಪಕ್ಕದಲ್ಲೇ ಕೂತಿದ್ದರೆ ಕೇಳುವುದೇ ಬೇಡ, ಅದರ ಹೀಟರ್ ಒಂದೇ 2.5 ಆಂಪಿಯರ್ ಎಳೆಯುತ್ತದೆ. ಅದು ಒಲೆ. ಆದರೆ ಅರೇಬಿಕಾ ಅವರ ಗುಂಯ್ ಚಾರ್ಜರ್‌ನದು ಅಂತ ಗೊತ್ತಾಯಿತಲ್ಲ, ಸದ್ಯಕ್ಕೆ ಒಳಗೆ ಕೈಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಕೂತಿರುತ್ತದೆ. ರೆಸಿಸ್ಟರ್ ಇಟ್ಟು ಇಳಿಸಿ, ಮೀಟರ್‌ನಲ್ಲಿ ನೋಡಿ, ಆಮೇಲೆ ಮುಟ್ಟಬೇಕು. ಗೊತ್ತಿಲ್ಲದಿದ್ದರೆ ಹಾಸನಕ್ಕೆ ತನ್ನಿ.

ಆಲ್ದೂರು_ಅರೇಬಿಕಾ
ಭಾನುವಾರ ಹಾಸನಕ್ಕೆ ಹೋಗಿ ಬಂದೆ. ಸಂತೆಪೇಟೆಯವರ ಮನೆಯಲ್ಲಿ ಅವರ 300 ಓಮ್ ಹೆಡ್‌ಫೋನ್ ನನ್ನ ಆಂಪ್‌ಗೆ ಹಾಕಿ ಕೇಳಿದೆ. ಅದೇ ಹಳೆ ಟ್ಯೂಬ್. ಏನು ಹೇಳಲಿ, ಪಿಟೀಲಿನ ಬಿಲ್ಲು ತಂತಿ ಹಿಡಿಯುವ ಸಣ್ಣ ಕರಕರ ಕೂಡ ಕೇಳಿಸಿತು. ಅವರ ಮನೆಯಲ್ಲಿ ಕರೆಂಟ್ 226 ಇತ್ತು, ಅದನ್ನೂ ಹೇಳಬೇಕು. ನನ್ನ 32 ಓಮ್ ಅಲ್ಲಿ ಹಾಕಿದಾಗ ಮನೆಗಿಂತ ವಾಸಿ, ಆದರೂ ಮಂಕೇ.

ಸಾಕೆಟ್ ತೊಳೆದ ಮೇಲೆ ಚರಚರ ಹೋಗಿದೆ. ಪಿನ್ ಒರೆಸಿದ ಹತ್ತಿ ಕಾಫಿ ಗಷ್ಟದ ಹಾಗೆ ಕಪ್ಪಾಯಿತು. ಈಗ 9,000 ಉಳಿದಿದೆ. ಸೆಕೆಂಡ್ ಹ್ಯಾಂಡ್ 300 ಓಮ್ ಹೆಡ್‌ಫೋನ್ ನೋಡಲಾ, ಸರ್ವೋ ಸ್ಟೆಬಿಲೈಜರ್ ನೋಡಲಾ?

ಗೊರೂರು_ಗಣಿತ
ಹೆಡ್‌ಫೋನ್. 11 ಗಂಟೆ ಮೇಲೆ ಕೇಳಿ.

ಕೊಪ್ಪ_ಕಾಡುದಾರಿ
ಸ್ಟೆಬಿಲೈಜರ್. ಮನೆಯವರೆಲ್ಲರಿಗೂ ಉಪಯೋಗ, ಯಾರೂ ಬೈಯುವುದಿಲ್ಲ.

ಬಾಸ್_ಬಸವನಹಳ್ಳಿ
ನಾನು ಈಗಲೂ ಟ್ಯೂಬ್ ಅಂತಲೇ ಹೇಳುತ್ತೇನೆ.

ಆಲ್ದೂರು_ಅರೇಬಿಕಾ
ಇನ್ನೊಂದು ವಿಷಯ. ಅಟ್ಟದ ಮೇಲೆ ಅಜ್ಜನ ರೇಡಿಯೋ ಇತ್ತು. ಪೆಟ್ಟಿಗೆ ಗೆದ್ದಲು ತಿಂದಿದೆ, ಒಳಗೆ ವಾಲ್ವ್ ಚೆನ್ನಾಗಿದ್ದ ಹಾಗೆ ಕಾಣುತ್ತವೆ. ಒಂದರ ಮೇಲೆ ಇಎಲ್84 ಅಂತ ಮಾಸಿದ ಅಕ್ಷರ. ತಾತ, ಇದನ್ನು ನನ್ನ ಆಂಪ್‌ಗೆ ಹಾಕಬಹುದಾ?

ವಾಲ್ವ್_ತಾತ
ಅದಕ್ಕೆ ಒಂಬತ್ತು ಪಿನ್, ನಿನ್ನ ಸಾಕೆಟ್ಟಿಗೆ ಎಂಟು. ಕೂರುವುದೇ ಇಲ್ಲ, ಕೆಲಸವೂ ಬೇರೆ. ಬಿಸಾಡಬೇಡ ಮಾತ್ರ. ನನ್ನ ಮನೆಯ ರೇಡಿಯೋ ಅದೊಂದು ಇಲ್ಲದೆ ನಾಲ್ಕು ವರ್ಷದಿಂದ ಮೂಕಾಗಿ ಕೂತಿದೆ. ಹತ್ತಿಯಲ್ಲಿ ಸುತ್ತಿ ಇಟ್ಟುಕೋ, ಮುಂದಿನ ಸಲ ಹಾಸನಕ್ಕೆ ಬರುವಾಗ ತಾ.